ಬಟನ್ ಒತ್ತಿ ಎಣಿಸಿದ ಗುದ್ದುಗಳು: ಬಾಕ್ಸಿಂಗ್ ಅಂಕಯಂತ್ರ ಮತ್ತು ಹತ್ತಂಕದ ಚೀಟಿಯ ವಿಮರ್ಶೆ

1992ರ ಬಾರ್ಸಿಲೋನಾದಿಂದ 2012ರ ಲಂಡನ್‌ವರೆಗೆ ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ಅಂಕ ಹುಟ್ಟುತ್ತಿದ್ದುದು ಬಟನ್‌ನಿಂದ. ಕೆಂಪು ಮೂಲೆಯವರ ಗುದ್ದು ನಾಟಿದರೆ ಕೆಂಪು ಒತ್ತಬೇಕು, ನೀಲಿಯವರದ್ದಾದರೆ ನೀಲಿ. ಈ ಅವಧಿಯ ಬಹುಪಾಲು, ರಿಂಗ್ ಸುತ್ತ ಕೂತ ಐವರು ಜಡ್ಜ್‌ಗಳಲ್ಲಿ ಮೂವರಾದರೂ ಒಂದು ಸೆಕೆಂಡಿನೊಳಗೆ ಒಂದೇ ಬಣ್ಣ ಒತ್ತಿದರೆ ಒಂದು ಅಂಕ. ಇಬ್ಬರೇ ಒತ್ತಿದರೆ, ಬೋರ್ಡ್‌ನ ಲೆಕ್ಕದಲ್ಲಿ ಆ ಗುದ್ದು ಬಿದ್ದೇ ಇಲ್ಲ.

ಈ ಯಂತ್ರ ಸುಮ್ಮನೆ ಬಂದದ್ದಲ್ಲ. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ ಜೂನಿಯರ್ 86 ಗುದ್ದು ನಾಟಿಸಿದರು, ಆತಿಥೇಯ ದಕ್ಷಿಣ ಕೊರಿಯಾದ ಪಾರ್ಕ್ ಸಿ-ಹುನ್ 32 ಎಂದು ಟಿವಿಯ ಪಂಚ್ ಎಣಿಕೆ ತೋರಿಸಿತು. ಚಿನ್ನ ಮಾತ್ರ 3-2ರಲ್ಲಿ ಪಾರ್ಕ್ ಪಾಲಾಯಿತು. ಅಂಥ ತೀರ್ಪು ಕಂಡವರು ಇನ್ನು ಯಂತ್ರವೇ ಗತಿ ಅಂದುಕೊಂಡರೆ ತಪ್ಪು ಹೇಳಲಾಗದು. ಆದರೆ ಯಂತ್ರ ಅಳೆದದ್ದು ಮೂರು ಬೆರಳುಗಳ ಹೊಂದಾಣಿಕೆಯನ್ನಷ್ಟೇ.

ದೋಷ ಎಲ್ಲಿತ್ತು ನೋಡಿ. ಒಳ್ಳೆಯ ಬಾಕ್ಸರ್ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು), ಕ್ರಾಸ್ (ಹಿಂದಿನ ಕೈಯ ನೇರ ಗುದ್ದು), ಹುಕ್ (ಪಕ್ಕದಿಂದ ಬಾಗಿ ಬರುವ ಗುದ್ದು) ಮೂರನ್ನೂ ಒಂದೇ ಉಸಿರಿಗೆ ಎಸೆದು ಮುಗಿಸುತ್ತಾರೆ. ಬೆರಳಿಗೆ ಆ ವೇಗವಿಲ್ಲ. ಒಬ್ಬ ಜಡ್ಜ್ ಮೊದಲ ಗುದ್ದಿಗೆ ಒತ್ತುತ್ತಾರೆ, ಇನ್ನೊಬ್ಬರು ಮೂರನೆಯದಕ್ಕೆ. ಮೂರಕ್ಕೆ ಒಂದು ಅಂಕ ಸಿಕ್ಕರೆ ಪುಣ್ಯ. ಪಕ್ಕೆಲುಬಿಗೆ ಬೀಳುವ ಹುಕ್‌ನ ಪಾಡು ಇನ್ನೂ ಕಷ್ಟ: ಇಬ್ಬರೂ ಹತ್ತಿರ ನಿಂತು ಹೊಡೆದಾಡುವಾಗ ಎದುರು ಬದಿಯ ಜಡ್ಜ್‌ಗೆ ಕಾಣುವುದು ಬರೀ ಬೆನ್ನು. ಹಾಗಾಗಿ ಹೊಟ್ಟೆಗೆ ಹೊಡೆಯುವ ಕಲೆಗೆ ಬೆಲೆಯೇ ಹೋಯಿತು. ದೂರದಿಂದ ತಲೆಗೆ ಒಂಟಿ ನೇರ ಗುದ್ದು ತಾಗಿಸಿ, ಎರಡು ಅಂಕ ಮುಂದಾದ ಮೇಲೆ ಹಿಂದೆ ಸರಿಯುತ್ತಾ ಸಮಯ ಕಳೆಯುವುದೇ ಜಾಣತನವಾಯಿತು. ಎದುರಾಳಿಯನ್ನು ನೆಲಕ್ಕೆ ಕೆಡವಿದ ಗುದ್ದಿಗೂ ಒಂದೇ ಅಂಕ, ಮೂಗಿಗೆ ತಾಗಿದ ಜ್ಯಾಬ್‌ಗೂ ಒಂದೇ. ಲಂಡನ್‌ನಲ್ಲಿ ಜಪಾನಿನ ಸತೋಶಿ ಶಿಮಿಜು ಕೊನೆಯ ರೌಂಡ್‌ನಲ್ಲಿ ಎದುರಾಳಿಯನ್ನು ಆರು ಸಲ ಬೀಳಿಸಿದರೂ ಬೋರ್ಡ್ 22-17 ಎಂದು ಶಿಮಿಜು ಅವರನ್ನೇ ಸೋಲಿಸಿತು. ಬಿದ್ದವರ ಮುಂದೆ ರೆಫರಿ ಎಣಿಸುವ ಕೌಂಟ್ ಕೊಡದಿದ್ದುದು ಮುಖ್ಯ ತಪ್ಪು, ನಿಜ. ಮೇಲ್ಮನವಿಯಲ್ಲಿ ಫಲಿತಾಂಶ ಬದಲಾಯಿತು. ಆದರೆ ಆರು ಬೀಳುಗಳನ್ನು ನುಂಗಿಯೂ ಯಂತ್ರ ಅಲುಗಲಿಲ್ಲ.

ಟಿವಿಯಲ್ಲಿ ಕಾಣುವ ಕಾಂಪ್ಯುಬಾಕ್ಸ್ ಎಂಬ ಗುದ್ದಿನ ಎಣಿಕೆ ಬೇರೆ ಸರಕು. ಇಬ್ಬರು ಆಪರೇಟರ್‌ಗಳು ತಲಾ ಒಬ್ಬ ಬಾಕ್ಸರ್‌ನನ್ನು ನೋಡುತ್ತಾ ಕೀಲಿ ಒತ್ತುತ್ತಾರೆ. ತೀರ್ಪಿಗೆ ಇದರ ಸಂಬಂಧವಿಲ್ಲ. ಅದರಲ್ಲಿ ‘ಪವರ್ ಪಂಚ್’ ಅಂದರೆ ಜ್ಯಾಬ್ ಅಲ್ಲದ್ದೆಲ್ಲ ಎಂದರ್ಥ. ಸೋತ ಕೈಯ ಸಡಿಲ ಹುಕ್ ಪವರ್ ಆಗುತ್ತದೆ, ತಲೆಯನ್ನೇ ಹಿಂದಕ್ಕೆ ಚಿಮ್ಮಿಸಿದ ಬಿಗಿ ಜ್ಯಾಬ್ ಆಗುವುದಿಲ್ಲ. ಯಾರು ಎಷ್ಟು ಚುರುಕಾಗಿದ್ದರು ಎಂದು ತಿಳಿಯಲು ಚೆನ್ನ, ಯಾರು ಗೆದ್ದರು ಎಂದು ವಾದಿಸಲು ಅಲ್ಲ.

2013ರಿಂದ ಅಮೆಚೂರ್ ಬಾಕ್ಸಿಂಗ್‌ಗೂ ಬಂದ ಹತ್ತಂಕದ ಪದ್ಧತಿ ಈ ಮೂರರಲ್ಲಿ ಉತ್ತಮ. ರೌಂಡ್ ಗೆದ್ದವರಿಗೆ 10, ಸೋತವರಿಗೆ 9. ವೃತ್ತಿಪರ ಪಂದ್ಯದಲ್ಲಿ ಒಂದು ನಾಕ್‌ಡೌನ್ (ಗುದ್ದು ತಿಂದು ನೆಲಕ್ಕೆ ಬೀಳುವುದು) ಆದರೆ ಸಾಮಾನ್ಯವಾಗಿ 10-8. ಇಲ್ಲಿ ಗುದ್ದನ್ನು ತೂಗಲು ಜಾಗವಿದೆ, ತೂಗಲು ಬರಬೇಕಷ್ಟೆ. ಮುಚ್ಚಿದ ಮುಷ್ಟಿಯ ಗೆಣ್ಣಿನ ಭಾಗ ತಲೆಯ ಮುಂಭಾಗ, ಪಕ್ಕ ಅಥವಾ ಬೆಲ್ಟ್ ಮೇಲಿನ ಮೈಗೆ ತಡೆಯಿಲ್ಲದೆ ತಾಗಬೇಕು, ಹಿಂದೆ ಭುಜದ ಅಥವಾ ಮೈಯ ಭಾರ ಇರಬೇಕು. ಅಂಗೈ ಬದಿಯ ಚಪ್ಪಾಳೆ ಏಟು ಲೆಕ್ಕಕ್ಕಿಲ್ಲ.

ಹೊಡೆಯುವವರ ಕೈ ನೋಡುತ್ತಾ ಕೂತರೆ ಮೋಸ ಹೋಗುತ್ತೀರಿ. ಗುದ್ದು ತಿನ್ನುವವರ ತಲೆ ಮತ್ತು ಕಾಲು ನೋಡಿ. ಗದ್ದ ತಿರುಗಿತೇ, ಹೆಜ್ಜೆ ತಪ್ಪಿತೇ, ಮುಂದೆ ಬರುತ್ತಿದ್ದವರು ನಿಂತರೇ? ತಡೆಗೆ ಎತ್ತಿದ ಕೈಗಳ, ಅಂದರೆ ಗಾರ್ಡ್‌ನ ಮೇಲೆ ಬಿದ್ದ ಗುದ್ದೇ ಹೆಚ್ಚು ಸದ್ದು ಮಾಡುವುದರಿಂದ ಟಿವಿಯ ಧ್ವನಿ ನಿಲ್ಲಿಸಿ ನೋಡುವುದು ಒಳ್ಳೆಯ ಅಭ್ಯಾಸ. ಮುನ್ನುಗ್ಗುವಿಕೆಗೆ ತನ್ನಷ್ಟಕ್ಕೆ ಅಂಕವಿಲ್ಲ. ನುಗ್ಗಿ ಗುದ್ದು ತಿನ್ನುವವರು ರೌಂಡ್ ಕಳೆದುಕೊಳ್ಳುತ್ತಿದ್ದಾರೆ. ಮೂರು ನಿಮಿಷವನ್ನು ಮನಸ್ಸಿನಲ್ಲಿ ಮೂರು ತುಂಡು ಮಾಡಿ, ಪ್ರತಿ ತುಂಡಿನ ಕೊನೆಗೆ ಯಾರು ಮುಂದೆ ಎಂದು ಗುರುತಿಟ್ಟುಕೊಳ್ಳಿ. ಇಲ್ಲದಿದ್ದರೆ ಕೊನೆಯ ಇಪ್ಪತ್ತು ಸೆಕೆಂಡಿನ ಅಬ್ಬರ ಇಡೀ ರೌಂಡನ್ನು ಕದ್ದೊಯ್ಯುತ್ತದೆ.

ಈ ಪದ್ಧತಿಯ ದೊಡ್ಡ ಕೊರತೆ 10-9 ಎಂಬ ಅಂಕದ್ದೇ. ಕೂದಲೆಳೆಯ ರೌಂಡ್‌ಗೂ ಅದೇ, ಸ್ಪಷ್ಟವಾಗಿ ಆಳಿದ ರೌಂಡ್‌ಗೂ ಹೆಚ್ಚಾಗಿ ಅದೇ. ಎರಡು ರೌಂಡ್ ಕೂದಲೆಳೆಯಲ್ಲಿ ಗೆದ್ದವರು, ಒಂದನ್ನು ಹೀನಾಯವಾಗಿ ಸೋತರೂ, ಮೂರು ರೌಂಡ್‌ನ ಪಂದ್ಯವನ್ನು 29-28ಕ್ಕೆ ಗೆಲ್ಲಬಹುದು. ನಾಕ್‌ಡೌನ್ ಇಲ್ಲದೆಯೂ 10-8 ಕೊಡುವ ಧೈರ್ಯ ಜಡ್ಜ್‌ಗೆ ಬೇಕು. ಕಳ್ಳ ಕೈಯನ್ನೂ ಇದು ತಡೆಯುವುದಿಲ್ಲ: 2016ರ ರಿಯೋದಲ್ಲಿ ಐವರು ಜಡ್ಜ್‌ಗಳ ಅಂಕದ ಚೀಟಿಗಳಲ್ಲಿ ಮೂರನ್ನು ಕಂಪ್ಯೂಟರ್ ಆರಿಸುತ್ತಿತ್ತು, ಗಲಾಟೆ ತಪ್ಪಲಿಲ್ಲ. ಟೋಕಿಯೋದಲ್ಲಿ ಐದೂ ಲೆಕ್ಕಕ್ಕೆ ಬಂದು ಪ್ರತಿ ರೌಂಡ್ ನಂತರ ಎಲ್ಲರಿಗೂ ಕಂಡವು.

ಸಣ್ಣ ಕ್ಲಬ್ ಪಂದ್ಯ ನಡೆಸುವವರು ಯಂತ್ರಕ್ಕೆ ದುಡ್ಡು ಸುರಿಯಬೇಕಿಲ್ಲ. ಮೂವರು ಜಡ್ಜ್‌ಗಳನ್ನು ಮೂರು ಬದಿಯಲ್ಲಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಷ್ಟು ದೂರ ಕೂರಿಸಿ. ಪ್ರತಿ ರೌಂಡ್‌ಗೆ ಬೇರೆ ಚೀಟಿ ಕೊಡಿ, ಗಂಟೆ ಬಾರಿಸಿದ ಕೂಡಲೇ ರೆಫರಿ ಅದನ್ನು ಒಯ್ಯಲಿ. ಹಿಂದಿನ ಅಂಕ ಕಣ್ಣ ಮುಂದಿದ್ದರೆ ಮುಂದಿನ ರೌಂಡ್‌ನಲ್ಲಿ ಸರಿದೂಗಿಸುವ ಆಸೆ ಹುಟ್ಟುತ್ತದೆ.