ಬೆಟ್ಟದ ರೈಫಲ್‌ಗೆ 400 ಗ್ರಾಮಿನೊಳಗಿನ ಸ್ಕೋಪ್: ಲೂಪೋಲ್ಡ್ ವಿಎಕ್ಸ್-3ಎಚ್‌ಡಿ 3.5-10×40

ಕೊಲೊರಾಡೊದಲ್ಲಿ ಎಲ್ಕ್ ಬೇಟೆಗೆ ಲೈಸೆನ್ಸ್ ಸಿಕ್ಕಿದ ಕೂಡಲೇ ಹೆಚ್ಚಿನವರು ಮಾಡುವ ಮೊದಲ ಕೆಲಸ ಅಂದರೆ ದೊಡ್ಡ ಸ್ಕೋಪ್ (ರೈಫಲ್ ಮೇಲೆ ಕೂರುವ, ಗುರಿ ಹಿಡಿಯುವ ದುರ್ಬೀನು) ಹುಡುಕುವುದು. 18 ಪಟ್ಟು, 25 ಪಟ್ಟು, ಎಷ್ಟು ಜಾಸ್ತಿ ಇದ್ದರೆ ಅಷ್ಟು ಒಳ್ಳೆಯದು ಅಂತ. ಡೆನ್ವರಿನ ನಮ್ಮ ಬಳಗದಲ್ಲಿ ಬೇಟೆಯ ಹುಚ್ಚು ಇರುವವರು ಬೆರಳೆಣಿಕೆಯಷ್ಟು ಜನ. ಅವರಲ್ಲೊಬ್ಬ ಸಕಲೇಶಪುರದ ಹುಡುಗ ಮೊನ್ನೆ ಫೋನ್ ಮಾಡಿ, "ಅಣ್ಣಾ, ಸ್ಕೋಪ್ ಯಾವುದು ತಗೊಳ್ಲಿ? ಅಂಗಡಿಯವನು 5-25 ತೋರಿಸ್ತಿದ್ದಾನೆ" ಅಂದ. ಬೇಡ ಮಾರಾಯ, ಹೊರಗೆ ಬಾ ಅಂದೆ. ಯಾಕೆ ಅಂತ ಅವನಿಗೆ ಫೋನಿನಲ್ಲಿ ಹೇಳಿ ಮುಗಿಯಲಿಲ್ಲ. ಅದಕ್ಕೇ ಈ ಬರಹ.

ನನ್ನ ರೈಫಲ್ ಟಿಕ್ಕಾ ಟಿ3ಎಕ್ಸ್ ಲೈಟ್, 6.5 ಕ್ರೀಡ್‌ಮೂರ್ ತೋಟೆಯದ್ದು. ಫಿನ್‌ಲ್ಯಾಂಡಿನ ಮಾಲು, ಬರೀ ರೈಫಲ್ 2.9 ಕೆಜಿ ಆಸುಪಾಸು. ಅದರ ಮೇಲೆ ಲೂಪೋಲ್ಡ್ ವಿಎಕ್ಸ್-3ಎಚ್‌ಡಿ 3.5-10×40 ಕೂತಿದೆ, ಅಂದರೆ ಪಟ್ಟು 3.5ರಿಂದ 10ರವರೆಗೆ, ಮುಂದಿನ ಗಾಜಿನ ಅಗಲ 40 ಮಿ.ಮೀ. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರೆ ಸ್ಕೋಪ್ 400 ಗ್ರಾಮಿನೊಳಗೇ ಬರುತ್ತದೆ. ಸ್ಕೋಪನ್ನು ರೈಫಲ್ಲಿಗೆ ಹಿಡಿದಿಡಲು ಟ್ಯಾಲಿಯವರ ಹಗುರ ಅಲ್ಯೂಮಿನಿಯಂ ರಿಂಗುಗಳನ್ನು ಹಾಕಿದ್ದೇನೆ. ಎಲ್ಲಾ ಸೇರಿ ಮೂರೂವರೆ ಕೆಜಿಯೂ ಆಗುವುದಿಲ್ಲ.

ಅರ್ಧ ಕೆಜಿ ಹೆಚ್ಚು ಕಡಿಮೆಯಾದರೆ ಏನು ಮಹಾ ಅನ್ನಬಹುದು. ಎಲ್ಕ್ ಅಂದರೆ ನಮ್ಮ ಕಡವೆಯ ನೆಂಟ, ಗಾತ್ರದಲ್ಲಿ ಇನ್ನೂ ದೊಡ್ಡದು. ಗಂಡು 300 ಕೆಜಿ ದಾಟುತ್ತದೆ. ಹೊಡೆದ ಮೇಲೆ ತಿನ್ನಲು ಬರುವ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವಂತಿಲ್ಲ, ಇಲ್ಲಿನ ಕಾನೂನೇ ಹಾಗೆ. ಕಡಿದು, ಬೆನ್ನ ಮೇಲೆ ಹೊತ್ತು, 10,000 ಅಡಿಯಿಂದ ಕೆಳಗಿಳಿಸಬೇಕು. ಆಗ ಒಂದೊಂದು ಗ್ರಾಮೂ ಲೆಕ್ಕಕ್ಕೆ ಬರುತ್ತದೆ.

ಭಾರ ಎಷ್ಟು ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ. ಸ್ಕೋಪ್ ಕೂರುವುದು ರೈಫಲ್ಲಿನ ನೆತ್ತಿಯ ಮೇಲೆ. ಮುಕ್ಕಾಲು ಕೆಜಿ ದಾಟಿದ ಸ್ಕೋಪ್ ಇದ್ದರೆ ಹೆಗಲಿಗೆ ನೇತುಹಾಕಿದ ರೈಫಲ್ ಮಗುಚುತ್ತಲೇ ಇರುತ್ತದೆ. ಚೀಲದ ಮೇಲೆ ನಳಿಗೆ ಇಟ್ಟು ಗುರಿ ಹಿಡಿದರೂ ಒಂದು ಕಡೆ ವಾಲುತ್ತದೆ. ಸಾಲದ್ದಕ್ಕೆ ರೈಫಲ್ ಹಗುರವಾದಷ್ಟೂ ಒದೆತ ಜೋರು. ಆ ಒದೆತಕ್ಕೆ ಭಾರದ ಸ್ಕೋಪ್ ರಿಂಗಿನೊಳಗೆ ಜಾರಲು ನೋಡುತ್ತದೆ. ಹಗುರ ರೈಫಲ್ ಕೊಂಡು ಅದರ ಮೇಲೆ ದಪ್ಪ ಸ್ಕೋಪ್ ಕೂರಿಸುವುದು ನನಗಂತೂ ಅರ್ಥವಾಗದ ಸಂಗತಿ.

ಇನ್ನು ಝೂಮ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಇಲ್ಲಿ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿಂದ ಮುಳುಗಿ ಅರ್ಧ ಗಂಟೆಯಾಗುವವರೆಗೆ ಬೇಟೆಯಾಡಬಹುದು. ಎಲ್ಕ್ ಮರದ ಮರೆಯಿಂದ ಹುಲ್ಲುಗಾವಲಿಗೆ ಬರುವುದೂ ಸರಿಯಾಗಿ ಆ ಮಬ್ಬು ಹೊತ್ತಿನಲ್ಲೇ. ಸ್ಕೋಪಿನಿಂದ ಕಣ್ಣಿಗೆ ಬರುವ ಬೆಳಕಿನ ಕಂಬ ಎಷ್ಟು ದಪ್ಪ ಅಂತ ತಿಳಿಯಲು ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಆಯಿತು. 40 ಮಿ.ಮೀ. ಗಾಜು, 10 ಪಟ್ಟು ಇಟ್ಟರೆ 4 ಮಿ.ಮೀ. ಅದನ್ನೇ 6ಕ್ಕೆ ಇಳಿಸಿದರೆ 6.7 ಮಿ.ಮೀ. ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ 7 ಮಿ.ಮೀ.ವರೆಗೂ ಅರಳುತ್ತದೆ, ನನ್ನಂಥ ಐವತ್ತು ದಾಟಿದವರದ್ದು ಅಷ್ಟು ಅರಳುವುದಿಲ್ಲ. ಅಂದರೆ ಸಂಜೆ 6 ಪಟ್ಟಿನಲ್ಲಿ ಇಟ್ಟರೆ ನನ್ನ ಕಣ್ಣು ಹಿಡಿಯುವಷ್ಟೂ ಬೆಳಕು ಸಿಗುತ್ತದೆ. 44 ಮಿ.ಮೀ. ಗಾಜಿನ ದುಬಾರಿ ಸ್ಕೋಪನ್ನು 18ಕ್ಕೆ ಏರಿಸಿ ನೋಡಿ, 2.4 ಮಿ.ಮೀ. ಸಿಗುತ್ತದೆ. ಪ್ರಾಣಿ ದೊಡ್ಡದಾಗಿ ಕಾಣುತ್ತದೆ, ಆದರೆ ಮಸಿಯಲ್ಲಿ ಅದ್ದಿದ ಹಾಗೆ.

ಪಟ್ಟು ಹೆಚ್ಚಿದರೆ ಇನ್ನೊಂದು ತೊಂದರೆ ಇದೆ. ಏರು ಹತ್ತಿ ಎದೆ ಹೊಡೆದುಕೊಳ್ಳುತ್ತಿರುವಾಗ ಸ್ಕೋಪಿನೊಳಗಿನ ಕೂಡುಗೆರೆಯೂ (ಗುರಿಯ ಕ್ರಾಸ್‌ಹೇರ್) ಆ ಬಡಿತಕ್ಕೆ ಕುಣಿಯುತ್ತದೆ. 18 ಪಟ್ಟಿನಲ್ಲಿ ಆ ಕುಣಿತವೂ 18 ಪಟ್ಟು. 8ಕ್ಕೆ ಇಳಿಸಿದರೆ ಕೈ ಅಷ್ಟೇ ಅಲುಗುತ್ತಿದ್ದರೂ ಮನಸ್ಸು ನಿಲ್ಲುತ್ತದೆ. ಜೊತೆಗೆ ನೋಟದ ಅಗಲ. ಈ ಸ್ಕೋಪ್ 3.5ರಲ್ಲಿದ್ದರೆ 100 ಗಜ ದೂರದಲ್ಲಿ ಸುಮಾರು 30 ಅಡಿ ಅಗಲ ಕಾಣುತ್ತದೆ, 10ರಲ್ಲಿ 11 ಅಡಿ. ಸ್ಪ್ರೂಸ್ ಮರಗಳ ನಡುವೆ ಪಕ್ಕದಲ್ಲೇ ಎಲ್ಕ್ ಎದ್ದು ನಿಂತರೆ 3.5 ಬೇಕೇ ಬೇಕು. ಅದಕ್ಕೇ ನಡೆಯುವಾಗ ಯಾವಾಗಲೂ ಕೆಳಗಿನ ಪಟ್ಟಿನಲ್ಲೇ ಇಟ್ಟಿರುತ್ತೇನೆ. ದೂರದ್ದನ್ನು ಹುಡುಕಲು ಕುತ್ತಿಗೆಯಲ್ಲಿ ಬೈನಾಕ್ಯುಲರ್ ಇದೆಯಲ್ಲ. ಸ್ಕೋಪಿನಲ್ಲಿ ಪ್ರಾಣಿ ಹುಡುಕುವುದು ಅಂದರೆ ಏನಿದೆಯೋ ಯಾರಿದ್ದಾರೋ ಗೊತ್ತಿಲ್ಲದ ಕಡೆಗೆ ನಳಿಗೆ ತಿರುಗಿಸುವುದು. ಹಾಗೆ ಮಾಡುವವರ ಜೊತೆ ನಾನು ಬೆಟ್ಟ ಹತ್ತುವುದಿಲ್ಲ.

ಸಿಡಿಎಸ್ ಅನ್ನುವ ಡಯಲ್ ಈ ಸ್ಕೋಪಿನ ಜಾಣ ಭಾಗ. ನಿಮ್ಮ ಗುಂಡು ಯಾವುದು, ವೇಗ ಎಷ್ಟು, ಎಷ್ಟು ಎತ್ತರದಲ್ಲಿ, ಎಂಥ ಚಳಿಯಲ್ಲಿ ಹೊಡೆಯುತ್ತೀರಿ ಅಂತ ಬರೆದು ಕಳಿಸಿದರೆ ಕಂಪನಿ ಆ ಲೆಕ್ಕಕ್ಕೆ ಗಜದ ಗುರುತು ಕೊರೆದ ಡಯಲ್ ಒಂದನ್ನು ಪುಕ್ಕಟೆ ಕಳಿಸುತ್ತದೆ. ನನ್ನ 143 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು 200 ಗಜಕ್ಕೆ ಸರಿ ಹೊಂದಿಸಿದ್ದರೆ 300 ಗಜದಲ್ಲಿ 8 ಇಂಚು, 400ರಲ್ಲಿ 22 ಇಂಚಿನ ಆಸುಪಾಸು ಕೆಳಗೆ ಬೀಳುತ್ತದೆ. ಲೆಕ್ಕ ಬಾಯಿಪಾಠ ಇರಬೇಕಾಗಿಲ್ಲ, ದೂರ ಅಳೆದು ಡಯಲನ್ನು ಆ ಅಂಕಿಗೆ ತಿರುಗಿಸಿದರೆ ಸಾಕು. ಸೊನ್ನೆಯಲ್ಲಿ ಲಾಕ್ ಬೀಳುತ್ತದೆ. ಗುಂಡಿ ಒತ್ತದೆ ತಿರುಗುವುದಿಲ್ಲ, ಪೊದೆಗೆ ತಾಗಿ ತಾನಾಗಿ ಸರಿಯುವ ಭಯ ಇಲ್ಲ. ಗ್ಲೌಸ್ ಹಾಕಿದ್ದರೂ ಒಂದೊಂದು ಕ್ಲಿಕ್ ಬೆರಳಿಗೆ ಗೊತ್ತಾಗುತ್ತದೆ. ಇಳಿಜಾರಿನಲ್ಲಿ ಮಾತ್ರ ಎಚ್ಚರ. 30 ಡಿಗ್ರಿ ಕೆಳಗೆ ದೂರ ಅಳೆಯುವ ರೇಂಜ್‌ಫೈಂಡರ್ 400 ಗಜ ತೋರಿಸಿದರೆ ಗುಂಡಿನ ಲೆಕ್ಕಕ್ಕೆ ಅದು 346 ಗಜ ಮಾತ್ರ. ಕೋನ ಲೆಕ್ಕ ಹಾಕುವ ರೇಂಜ್‌ಫೈಂಡರ್ ಇಲ್ಲದಿದ್ದರೆ ಗುಂಡು ಬೆನ್ನ ಮೇಲೆ ಹಾರಿಹೋಗುತ್ತದೆ. 400 ಗಜದ ಆಚೆ ನಾನು ಹೊಡೆಯುವುದಿಲ್ಲ, ಹಾಗಾಗಿ 10 ಪಟ್ಟು ಕಡಿಮೆ ಅಂತ ಅನ್ನಿಸಿಯೇ ಇಲ್ಲ.

ಕಣ್ಣಿಗೂ ಸ್ಕೋಪಿಗೂ ನಡುವೆ ಇರುವ ಅಂತರ ಮೂರೂವರೆ ಇಂಚಿಗೂ ಮೇಲೆ. ಅಂಗಡಿಯಲ್ಲಿ ನಿಂತು ನೋಡುವಾಗ ಇದು ಯಾರಿಗೂ ತಲೆಗೆ ಬರುವುದಿಲ್ಲ. ಏರುಮುಖವಾಗಿ ಮಲಗಿ ಹೊಡೆಯುವಾಗ ಮುಖ ತಾನಾಗಿ ಮುಂದಕ್ಕೆ ಹೋಗುತ್ತದೆ. ಆಗ ಒದೆತಕ್ಕೆ ಸ್ಕೋಪ್ ಬಡಿದು ಹುಬ್ಬು ಸೀಳಿಸಿಕೊಂಡ ಎಷ್ಟೋ ಜನರನ್ನು ನೋಡಿದ್ದೇನೆ.

ಇಲ್ಲದ್ದನ್ನೂ ಹೇಳಿಬಿಡುತ್ತೇನೆ. ಪ್ಯಾರಲಾಕ್ಸ್ (ಕಣ್ಣು ಸರಿದರೆ ಕೂಡುಗೆರೆ ಗುರಿಯಿಂದ ಸರಿದಂತೆ ಕಾಣುವುದು) ಸರಿ ಮಾಡುವ ತಿರುಗಣೆ ಇಲ್ಲ, 150 ಗಜಕ್ಕೆ ಕಾರ್ಖಾನೆಯಲ್ಲೇ ನಿಲ್ಲಿಸಿರುತ್ತಾರೆ. ಎಲ್ಕ್ ಎದೆಯ ಗಾತ್ರಕ್ಕೆ ಅದು ಲೆಕ್ಕಕ್ಕಿಲ್ಲ, ಕಾಗದದ ಮೇಲೆ ಅರ್ಧ ಇಂಚಿನ ಗುಂಪು ಹೊಡೆಯುವವರಿಗೆ ಕಿರಿಕಿರಿ. ನನ್ನ ಮಾದರಿಯಲ್ಲಿ ಕೂಡುಗೆರೆಗೆ ದೀಪವೂ ಇಲ್ಲ. ದೀಪ, ಪ್ಯಾರಲಾಕ್ಸ್ ಎರಡೂ ಬೇಕು ಅನ್ನುವವರು ವೋರ್ಟೆಕ್ಸ್ ರೇಜರ್ ಎಲ್‌ಎಚ್‌ಟಿ 3-15×42 ನೋಡಬಹುದು, ಅದು 540 ಗ್ರಾಂ ಆಸುಪಾಸು. ಇನ್ನೂ ಹಗುರ ಬೇಕು, ಗಾಜು ಇನ್ನೂ ಶುಭ್ರ ಇರಬೇಕು ಅಂದರೆ ಆಸ್ಟ್ರಿಯಾದ ಸ್ವರೋವ್‌ಸ್ಕಿ ಝಡ್3 3-10×42, ಸುಮಾರು 360 ಗ್ರಾಂ. ಸಂಜೆಗೆ ಅದರ ಗಾಜೇ ಮೇಲು, ಅನುಮಾನ ಬೇಡ. ಬೆಲೆಯೂ ಹಾಗೇ. ಬಂಡೆಗೆ ಬಿದ್ದರೂ ಗುರಿ ಕದಲಬಾರದು ಅನ್ನುವವರು ನೈಟ್‌ಫೋರ್ಸ್ ಹೆಸರು ಹೇಳುತ್ತಾರೆ. ಆ ಗಟ್ಟಿತನದ ಜೊತೆ ಭಾರವೂ ಬರುತ್ತದೆ, ಅರ್ಧ ಕೆಜಿಗೂ ಮೇಲೆ.

ಹಗುರ ಸ್ಕೋಪ್ ಗುರಿ ನಿಲ್ಲಿಸಿಕೊಳ್ಳುವುದಿಲ್ಲ ಅನ್ನುವ ಮಾತು ಸದಾ ಕೇಳುತ್ತದೆ. ನನ್ನ ಅನುಭವದಲ್ಲಿ ಸ್ಕೋಪನ್ನು ಬೈಯುವ ಮೊದಲು ಸ್ಕ್ರೂ ನೋಡಬೇಕು. ಗೆಳೆಯನೊಬ್ಬ ಇಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೂರಿಸಿಕೊಂಡಿದ್ದ. ಗುಂಡು ದಿಕ್ಕಾಪಾಲು. ಬಿಚ್ಚಿ ನೋಡಿದರೆ ಬೇಸಿನ (ರಿಂಗು ಕೂರುವ ಅಡಿಪಟ್ಟಿ) ಒಂದು ಸ್ಕ್ರೂ ಬೆರಳಲ್ಲೇ ತಿರುಗುತ್ತಿತ್ತು. ಎಣ್ಣೆ ಒರೆಸಿ, ಬಿಗಿತ ಅಳೆಯುವ ಟಾರ್ಕ್ ಡ್ರೈವರ್ ಹಿಡಿದು, ರಿಂಗಿನ ಸ್ಕ್ರೂಗಳನ್ನು 15ರಿಂದ 18 ಇಂಚು-ಪೌಂಡ್ ಬಿಗಿಯುವುದು ಅರ್ಧ ಗಂಟೆಯ ಕೆಲಸ. ಮನೆಯಲ್ಲೇ ಮಾಡಿಕೊಳ್ಳಿ.

ನಾನು ವಿರಾಜಪೇಟೆ ಕಡೆಯವನು. ನಮ್ಮಲ್ಲಿ ಕೈಲ್ ಪೊಳ್ದ್ (ಕೊಡವರ ಆಯುಧ ಹಬ್ಬ) ದಿನ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಅಜ್ಜ ಬರಿಗಣ್ಣಲ್ಲಿ ಹೊಡೆಯುತ್ತಿದ್ದರು. ಆ ಕೋವಿಗೆ ಗಾಜು ಕಟ್ಟಿದ್ದರೆ ಊಟ ಬಿಡುತ್ತಿದ್ದರು ಅನ್ನಿಸುತ್ತದೆ. ಊರಲ್ಲಿ ಬೇಟೆ 1972ರ ವನ್ಯಜೀವಿ ಕಾಯ್ದೆಯಿಂದ ನಿಂತಿದೆ, ನಿಲ್ಲಬೇಕಾದದ್ದೇ. ರಜೆಗೆ ಹೋಗುವಾಗ ತಮ್ಮನಿಗೆ ಅಂತ ಸ್ಕೋಪ್ ಸೂಟ್‌ಕೇಸಿಗೆ ತುರುಕುವ ಯೋಚನೆ ಇದ್ದರೆ ಬಿಟ್ಟುಬಿಡಿ. ರೈಫಲ್ ಸ್ಕೋಪ್ ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿದೆ.

ಹೊಸದಕ್ಕೆ ಕೈ ಬರದಿದ್ದರೆ ಇದರ ಹಿಂದಿನ ವಿಎಕ್ಸ್-3ಐ ಸೆಕೆಂಡ್ ಹ್ಯಾಂಡ್ ಸಿಕ್ಕರೂ ಧೈರ್ಯವಾಗಿ ತಗೊಳ್ಳಿ. ಲೂಪೋಲ್ಡ್ ಗ್ಯಾರಂಟಿ ಸ್ಕೋಪಿಗೆ, ಮೊದಲು ಕೊಂಡವರಿಗಷ್ಟೇ ಅಲ್ಲ. ಡಯಲ್ ಆರ್ಡರ್ ಮಾತ್ರ ಅವಸರದಲ್ಲಿ ಮಾಡಬೇಡಿ. ಎರಡು ಮೂರು ಬಗೆಯ ತೋಟೆ ಹೊಡೆದು ನೋಡಿ, ನಿಮ್ಮ ನಳಿಗೆಗೆ ಯಾವುದು ಒಗ್ಗುತ್ತದೆ ಅಂತ ಗೊತ್ತಾದ ಮೇಲೆ ಆ ಅಂಕಿಗಳನ್ನೇ ಬರೆದು ಕಳಿಸಿ.