ಎಫ್‌ಡಿ ಇಟ್ಟು ತೆಗೆದ ಕ್ರೆಡಿಟ್ ಕಾರ್ಡ್: 18 ತಿಂಗಳು ಉಜ್ಜಿದ ಮೇಲೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದು ಮೋಟಾರು ರಿವೈಂಡಿಂಗ್ ಅಂಗಡಿ. ಪಂಪು, ಮಿಕ್ಸಿ, ಫ್ಯಾನು, ಏನು ಸುಟ್ಟರೂ ನಮ್ಮಲ್ಲಿಗೆ ಬರುತ್ತದೆ. ಕೆಲಸಕ್ಕೆ ಕೊರತೆ ಇಲ್ಲ. ಆದರೆ ಸಂಬಳದ ಚೀಟಿ ಇಲ್ಲ, ಐಟಿ ರಿಟರ್ನ್ಸ್ ಇಲ್ಲ, ಮಳೆಗಾಲದಲ್ಲಿ ತೋಟಕ್ಕೆ ನೀರು ಬಿಡುವವರೇ ಇಲ್ಲದ ಕಾರಣ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಲ್ಲಾಪೆಟ್ಟಿಗೆಯೂ ಹೆಚ್ಚುಕಮ್ಮಿ ಖಾಲಿ. ಇಂಥವನಿಗೆ ಯಾವ ಬ್ಯಾಂಕು ಕ್ರೆಡಿಟ್ ಕಾರ್ಡ್ ಕೊಡುತ್ತದೆ? ಅದಕ್ಕೇ ಎಫ್‌ಡಿ ಇಟ್ಟರೆ ಕೊಡುವ ಕಾರ್ಡು ತೆಗೆದುಕೊಂಡೆ. ಬ್ಯಾಂಕಿನ ಹೆಸರು ಬೇಡ. ಈಗ ಸುಮಾರು ಬ್ಯಾಂಕುಗಳಲ್ಲಿ ಇದೇ ಥರದ ಕಾರ್ಡು ಉಂಟು, ಮತ್ತೆ ನನ್ನ ತಕರಾರು ಕಾರ್ಡಿನ ಮೇಲಲ್ಲ, ಅದನ್ನು ಮಾರಿದ ರೀತಿಯ ಮೇಲೆ.

ಕಾರ್ಡು ಯಾಕೆ ಬೇಕಾಯಿತು ಅಂದರೆ, ಸ್ಕೋರು ಕೆಟ್ಟಿತ್ತು. ಸ್ಕೋರು ಅಂದರೆ ಸಾಲ ಹೇಗೆ ತೀರಿಸಿದ್ದೇವೆ ಅಂತ ನೋಡಿ ನಮಗೆ ಹಾಕುವ ಅಂಕ. 2018ರಲ್ಲಿ ಒಂದು ಫೈನಾನ್ಸ್ ಕಂಪನಿಯಿಂದ ಬೈಕಿಗೆ ಸಾಲ ತೆಗೆದಿದ್ದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು, ಮಂಗಳೂರಿಂದ ಕಾಪರ್ ವೈರು ಬರುವುದು ನಿಂತಿತು, ಅಂಗಡಿಯೂ ನಿಂತಿತು. ಆಗಸ್ಟ್‌ವರೆಗೆ ಕಂತಿಗೆ ಆರ್‌ಬಿಐ ರಜೆ ಕೊಟ್ಟಿತ್ತು, ಅದರಿಂದ ಸ್ಕೋರಿಗೆ ಏನೂ ಆಗಲಿಲ್ಲ. ಏಟು ಬಿದ್ದದ್ದು ಸೆಪ್ಟೆಂಬರ್‌ನಿಂದ. ಕಟ್ಟಲಾಗಲಿಲ್ಲ. ಮರುವರ್ಷ ವಸೂಲಿಗೆ ಬಂದವನು ಅಂಗಡಿಯ ಬೆಂಚಿನಲ್ಲಿ ಕೂತು, ಚಾ ಕುಡಿದು, "27,400 ಬಾಕಿ ಉಂಟು ಅಣ್ಣ, 18,000 ಕೊಡಿ, ಸೆಟ್ಲ್‌ಮೆಂಟ್ ಮಾಡಿ ಮುಗಿಸುವ" ಅಂದ. ನನಗೆ 9,400 ಉಳಿಯಿತು ಅಂತ ಖುಷಿ. ಹೆಂಡತಿಯ ಬಳೆ ಅಡವಿಟ್ಟು ಕೊಟ್ಟೆ.

ಆ 9,400 ರೂಪಾಯಿಯ ಬೆಲೆ ಗೊತ್ತಾದದ್ದು 2023ರಲ್ಲಿ. ವೈಂಡಿಂಗ್ ಮೆಷಿನಿಗೆ ಎರಡು ಲಕ್ಷ ಸಾಲ ಕೇಳಲು ಹೋದರೆ, ಬ್ಯಾಂಕಿನವರು ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸಿದರು. ಮನೆಗೆ ಬಂದು ಸಿಬಿಲ್ ರಿಪೋರ್ಟ್ ತೆಗೆದೆ. ಇದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಅಂತ ನಮ್ಮ ಸಾಲಗಳ ಲೆಕ್ಕ ಇಟ್ಟು ಸ್ಕೋರು ಹಾಕುವ ನಾಲ್ಕು ಕಂಪನಿಗಳಿವೆ, 2017ರಿಂದ ಒಂದೊಂದೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಲೇಬೇಕು. ನಾವೇ ನೋಡಿದರೆ ಸ್ಕೋರ್ ಇಳಿಯುವುದೂ ಇಲ್ಲ. ಸಾಲಕ್ಕೆ ಅರ್ಜಿ ಹಾಕಿ ಬ್ಯಾಂಕಿನವರು ನೋಡಿದರೆ ಮಾತ್ರ ಸ್ವಲ್ಪ ಇಳಿಯಬಹುದು. ಹಾಗಾಗಿ ಒಂದು ಕಡೆ ಆಗಲಿಲ್ಲ ಅಂತ ವಾರದೊಳಗೆ ಐದು ಬ್ಯಾಂಕು ಸುತ್ತುವುದು ಬೇಡ.

ರಿಪೋರ್ಟಿನಲ್ಲಿ ತಿಂಗಳಿಗೊಂದು ಚೌಕದಂತೆ 36 ತಿಂಗಳ ಲೆಕ್ಕ ಇರುತ್ತದೆ, ಅಂಗಳದಲ್ಲಿ ಅಡಿಕೆ ಹರಡಿದ ಹಾಗೆ ಸಾಲು ಸಾಲು. ಸರಿಯಾಗಿ ಕಟ್ಟಿದ ತಿಂಗಳಿಗೆ 000. ತಡವಾದರೆ ಎಷ್ಟು ದಿನ ತಡ ಅಂತ. ನನ್ನದರಲ್ಲಿ 030, 061, 091, ಹೀಗೆ ಹೋಗಿ ಕೊನೆಗೆ 'ಸೆಟಲ್ಡ್' ಅಂತ ಒಂದು ಪದ. 'ಕ್ಲೋಸ್ಡ್' ಅಲ್ಲ. ಕ್ಲೋಸ್ಡ್ ಅಂದರೆ ಪೂರ್ತಿ ತೀರಿಸಿದ. ಸೆಟಲ್ಡ್ ಅಂದರೆ ಕೊಡಲಾಗದೆ ಚೌಕಾಸಿ ಮಾಡಿದ. ಸ್ಕೋರು 634. 300ರಿಂದ 900ರ ಅಳತೆಯಲ್ಲಿ ಇದು ಹೇಳಿಕೊಳ್ಳುವಂಥದ್ದಲ್ಲ.

ಹೊಟ್ಟೆ ಉರಿಸಿದ್ದು ಬೇರೆಯೇ. ಊರಿನ ಸಹಕಾರಿ ಸಂಘದಲ್ಲಿ ನನ್ನದೊಂದು ಸಾಲ ಇತ್ತು, ಒಂದು ದಿನವೂ ತಪ್ಪದೆ ಕಟ್ಟಿ ಮುಗಿಸಿದ್ದು. ಅದು ರಿಪೋರ್ಟಿನಲ್ಲಿ ಇಲ್ಲವೇ ಇಲ್ಲ! ಸಂಘದವರು ವರದಿ ಕಳಿಸಿಲ್ಲ, ಅಷ್ಟೇ. ನೆಟ್ಟಗೆ ನಡೆದದ್ದು ಯಾರಿಗೂ ಕಾಣಲಿಲ್ಲ, ಎಡವಿದ್ದು ಊರಿಗೆಲ್ಲ ಕಂಡಿತು.

ಇನ್ನು ಕಾರ್ಡಿನ ವಿಷಯ. 2024ರ ಜನವರಿಯಲ್ಲಿ 20,000 ಎಫ್‌ಡಿ ಇಟ್ಟೆ, ಅದರ 90 ಪರ್ಸೆಂಟ್, ಅಂದರೆ 18,000 ಲಿಮಿಟ್ ಸಿಕ್ಕಿತು. ಆದಾಯದ ದಾಖಲೆ ಕೇಳಲಿಲ್ಲ. ಎಫ್‌ಡಿಗೆ ಬಡ್ಡಿ ಅದರ ಪಾಡಿಗೆ ಬರುತ್ತದೆ. ಅರ್ಜಿ ಫಾರಂ ಮಾತ್ರ ಇಂಗ್ಲಿಷ್ ಇಲ್ಲವೇ ಮಲಯಾಳಂ, ಕನ್ನಡದ್ದು ಕೇಳಿದರೆ ಮುಗಿದಿದೆ ಅನ್ನುತ್ತಾರೆ. ಯಾವತ್ತೂ ಮುಗಿದೇ ಇರುತ್ತದೆ, ಅದು ಬೇರೆ ಕತೆ. ಕೌಂಟರಿನ ಹುಡುಗ ಕಣ್ಣೂರಿನವನು, ಪಾಪ ಒಳ್ಳೆಯವನೇ, "ಚೇಟಾ, ಜಾಸ್ತಿ ಯೂಸ್ ಮಾಡಿ, ಜಾಸ್ತಿ ಸ್ಕೋರ್ ಬರ್ತದೆ" ಅಂತ ಹರಕು ಕನ್ನಡದಲ್ಲೇ ಧೈರ್ಯ ತುಂಬಿದ.

ನಂಬಿದೆ. ಮೊದಲ ಆರು ತಿಂಗಳು ಪೆಟ್ರೋಲು, ರೀಚಾರ್ಜು ಅಂತ ಎರಡು ಮೂರು ಸಾವಿರ ಮಾತ್ರ ಉಜ್ಜಿದ್ದೆ, ಸ್ಕೋರು 668 ಆಗಿತ್ತು. ಆಮೇಲೆ ಒಂದು ತಿಂಗಳು ಮಂಗಳೂರಲ್ಲಿ 14,200 ರೂಪಾಯಿಯ ಕಾಪರ್ ವೈರು ಕಾರ್ಡಿನಲ್ಲೇ ತಂದೆ. ಬಿಲ್ಲು ಬಂದ ಮೇಲೆ ಕೊನೆಯ ದಿನಕ್ಕೆ ಮುಂಚೆಯೇ ಪೂರ್ತಿ ಕಟ್ಟಿದೆ, ಒಂದು ಪೈಸೆ ಬಾಕಿ ಇಲ್ಲ. ಆದರೂ ಸ್ಕೋರು 641ಕ್ಕೆ ಇಳಿಯಿತು. ಎಂತ ಮಾರಾಯ್ರೆ ಇದು!

ಎರಡು ವಾರ ತಲೆ ಕೆರೆದುಕೊಂಡ ಮೇಲೆ ಅರ್ಥವಾಯಿತು. ಬ್ಯಾಂಕು ವರದಿ ಮಾಡುವಾಗ ಬಿಲ್ಲಿನ ಮೊತ್ತವೇ ಬಾಕಿ ಅಂತ ಹೋಗಿರುತ್ತದೆ. ನಾನು ಆಮೇಲೆ ಕಟ್ಟಿದ್ದು ಆ ಸಲದ ಲೆಕ್ಕಕ್ಕೆ ಸಿಗುವುದಿಲ್ಲ. 18,000ದಲ್ಲಿ 14,200 ಅಂದರೆ ಸುಮಾರು 79 ಪರ್ಸೆಂಟ್. ಇವನು ಕುತ್ತಿಗೆವರೆಗೆ ಸಾಲದಲ್ಲಿದ್ದಾನೆ ಅಂತ ಸ್ಕೋರಿನ ಲೆಕ್ಕ ತಿಳಿದುಕೊಳ್ಳುತ್ತದೆ. 30 ಪರ್ಸೆಂಟಿನ ಒಳಗಿರಲಿ ಅಂತ ಎಲ್ಲರೂ ಹೇಳುವುದು ಇದಕ್ಕೇ. ಅದೇನು ಕಾನೂನಲ್ಲ, ಒಂದು ಅಂದಾಜು. ನನ್ನ ಲಿಮಿಟ್‌ಗೆ ಅದು 5,400. ಈಗ ದೊಡ್ಡ ಖರೀದಿ ಇದ್ದರೆ ಬಿಲ್ಲು ಬೀಳುವ ಎರಡು ದಿನ ಮೊದಲೇ ಮುಕ್ಕಾಲು ಭಾಗ ಕಟ್ಟಿಬಿಡುತ್ತೇನೆ. ಬಿಲ್ಲಿನಲ್ಲಿ ಸಣ್ಣ ಮೊತ್ತವೇ ಕಾಣುತ್ತದೆ. ಎರಡು ತಿಂಗಳಲ್ಲಿ ಸ್ಕೋರು 675ಕ್ಕೆ ಬಂತು. ಈ ಒಂದು ಮಾತು ಕೌಂಟರಿನಲ್ಲಿ ಹೇಳಿದ್ದರೆ ಏನು ಹೋಗುತ್ತಿತ್ತು? ಬಿಲ್ಲಿನ ದಿನ ಬದಲಾಯಿಸಿಕೊಳ್ಳಬಹುದು ಅಂತಲೂ ಯಾರೂ ಹೇಳಲಿಲ್ಲ. ಕನಿಷ್ಠ ಒಂದು ಸಲವಾದರೂ ಅದಕ್ಕೆ ಅವಕಾಶ ಕೊಡಬೇಕು ಅಂತ ಆರ್‌ಬಿಐ ನಿಯಮವೇ ಇದೆ.

'ಮಿನಿಮಮ್ ಡ್ಯೂ' ಅಂತ ಬಿಲ್ಲಿನಲ್ಲಿ ದಪ್ಪ ಅಕ್ಷರದಲ್ಲಿ ಇರುತ್ತದಲ್ವಾ, ಅದನ್ನು ಕಟ್ಟಿದರೆ ತಡ ಅಂತ ದಾಖಲಾಗುವುದಿಲ್ಲ, ನಿಜ. ಆದರೆ ಉಳಿದದ್ದಕ್ಕೆ ನನ್ನ ಕಾರ್ಡಿನಲ್ಲಿ ತಿಂಗಳಿಗೆ 3.5 ಪರ್ಸೆಂಟ್ ಬಡ್ಡಿ, ವರ್ಷಕ್ಕೆ 42, ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಅದಕ್ಕಿಂತ ಚಿನ್ನ ಅಡವಿಡುವುದು ವಾಸಿ. ಒಂದು ಸಲ ಮರೆತು ಎರಡು ದಿನ ತಡವಾಗಿತ್ತು, ಹೆದರಿದ್ದೆ, ಏನೂ ಆಗಲಿಲ್ಲ. ಕೊನೆಯ ದಿನ ಕಳೆದು ಮೂರು ದಿನಕ್ಕಿಂತ ಹೆಚ್ಚಾದರೆ ಮಾತ್ರ ಕಾರ್ಡಿನವರು ತಡ ಅಂತ ವರದಿ ಮಾಡಬಹುದು.

ನಡುವೆ ಒಂದು ಫ್ರಿಜ್ಜು ಆರು ಕಂತಿನಲ್ಲಿ ತೆಗೆದೆ. ಎಲ್ಲ ಸರಿಯಾಗಿ ಕಟ್ಟಿ ಮುಗಿಸಿದ ಮೇಲೆ ನೋಡಿದರೆ ಎಂಟು ಅಂಕ ಕಡಿಮೆ! ಸಾಲ ತೀರಿಸಿದ್ದಕ್ಕೆ ಬಹುಮಾನ ಇಲ್ಲ, ದಂಡ. ಚಾಲ್ತಿಯಲ್ಲಿದ್ದ ಒಂದೇ ಕಂತಿನ ಸಾಲ ಮುಚ್ಚಿ, ಬರೀ ಕಾರ್ಡು ಉಳಿದದ್ದಕ್ಕೆ ಹೀಗಾಗಿರಬೇಕು. ಚಿಂತೆ ಮಾಡಲಿಲ್ಲ, ಮೂರು ತಿಂಗಳಲ್ಲಿ ತಾನಾಗಿ ಸರಿಹೋಯಿತು. ಮುಗಿದ ಸಾಲದ 000ಗಳು ಅಲ್ಲೇ ಇರುತ್ತವೆ. ಈ ಎಂಟು ಅಂಕಕ್ಕಾಗಿ ಸಾಲ ಉಳಿಸಿಕೊಂಡು ಬಡ್ಡಿ ಕಟ್ಟುವವನಿಗೆ ಏನು ಹೇಳುವುದೋ.

ಆದರೆ ಸತ್ಯ ಹೇಳಬೇಕಲ್ಲ, ಸ್ಕೋರನ್ನು 700 ದಾಟಿಸಿದ್ದು ಬರೀ ಕಾರ್ಡಲ್ಲ. ಕಾಸರಗೋಡಿನ ಆ ಫೈನಾನ್ಸ್ ಆಫೀಸಿಗೆ ಮೂರು ಸಲ ಬಸ್ಸು ಹತ್ತಿ ಹೋಗಿ, ಅಂದು ಬಿಟ್ಟ 9,400 ಕಟ್ಟುತ್ತೇನೆ, ಕ್ಲೋಸ್ಡ್ ಅಂತ ಮಾಡಿಕೊಡಿ ಅಂದೆ. ಮೊದಲ ಸಲ ಅವರಿಗೇ ನಗು ಬಂತು, ಮುಗಿದ ಸಾಲಕ್ಕೆ ಯಾರಾದರೂ ದುಡ್ಡು ತರುತ್ತಾರಾ ಅಂತ. ಕಟ್ಟಿ, ಬಾಕಿ ಇಲ್ಲ ಅನ್ನುವ ಪತ್ರ ಸೀಲು ಸಮೇತ ತಂದೆ. ಅವರು ತಿದ್ದಿ ಕಳಿಸುತ್ತೇವೆ ಅಂದರೂ ಕಳಿಸಿರಲಿಲ್ಲ, ನಾನೇ ಸಿಬಿಲ್‌ಗೆ ಆನ್‌ಲೈನಿನಲ್ಲಿ ದೂರು ಹಾಕಿದೆ. ಇದಕ್ಕೂ ಖರ್ಚಿಲ್ಲ. 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿ ನಮಗೇ ಕೊಡಬೇಕು ಅಂತ 2024ರ ಏಪ್ರಿಲ್‌ನಿಂದ ನಿಯಮ. ನನ್ನದು ಮೂರನೇ ವಾರದಲ್ಲೇ ಸರಿಯಾಯಿತು, ನೂರು ರೂಪಾಯಿ ತಪ್ಪಿತು. 'ಸ್ಕೋರ್ ರಿಪೇರಿ' ಅಂತ ಬೋರ್ಡು ಹಾಕಿ ಇದೇ ಕೆಲಸಕ್ಕೆ ಸಾವಿರಗಟ್ಟಲೆ ಕೇಳುವವರಿದ್ದಾರೆ, ರಿಪೇರಿ ಅಂಗಡಿಯವನಾಗಿ ಹೇಳುತ್ತೇನೆ, ಅದರಲ್ಲಿ ರಿಪೇರಿ ಏನೂ ಇಲ್ಲ.

ಕಾರ್ಡಿಗೆ ಐದರಲ್ಲಿ ಮೂರೂವರೆ. ಎರಡನೇ ವರ್ಷದಿಂದ 590 ರೂಪಾಯಿ ಫೀಸು, ಅದಕ್ಕೆ ಅರ್ಧ ಕಳೆದೆ. ಉಳಿದ ಒಂದು, ಕೌಂಟರಿನ ಆ ಮಾತಿಗೆ.

ಈಗ ಸ್ಕೋರು 731. ಅದೇ ಬ್ಯಾಂಕಿನಿಂದ ಮೊನ್ನೆ ಫೋನು, ಎಫ್‌ಡಿ ಇಲ್ಲದ ಕಾರ್ಡು ಕೊಡುತ್ತಾರಂತೆ. "ಹಾಗಾದರೆ ಆ ಇಪ್ಪತ್ತು ಸಾವಿರ ಬಿಡಿಸಿ ನನ್ನ ಬಳೆ ತನ್ನಿ" ಅಂದಳು ಹೆಂಡತಿ. ಬಳೆ ಬಿಡಿಸಿದ್ದು ಯಾವಾಗಲೋ ಆಗಿದೆ, ಇದು ಹೊಸ ಬಳೆಯ ಮಾತು. ಹಳೆಯ ಕಾರ್ಡು ಮುಚ್ಚಿದರೆ ಲಿಮಿಟ್ಟೂ ಹೋಗುತ್ತದೆ ಅಂತ ಅವಳಿಗೆ ವಿವರಿಸಲು ಹೊರಟೆ. ಅಷ್ಟರಲ್ಲಿ ಅವಳು ಒಳಗೆ ಹೋಗಿಯಾಗಿತ್ತು.