ತಾಲ್ ಜ್ವಾಲಾಮುಖಿ ದ್ವೀಪಕ್ಕೆ ದೋಣಿ ಅಂತ ಕರೆದರೆ ದುಡ್ಡು ಕೊಡಬೇಡಿ

2025ರ ಜೂನ್‌ನಿಂದ ಭಾರತೀಯರು ವೀಸಾ ಇಲ್ಲದೆ 14 ದಿನ ಫಿಲಿಪೀನ್ಸ್ ಸುತ್ತಿ ಬರಬಹುದು. ಮನಿಲಾಗೆ ಹೊರಟಿದ್ದರೆ ದಯವಿಟ್ಟು ಇದನ್ನು ಓದಿ. ತಾಲ್ ಜ್ವಾಲಾಮುಖಿ ಇರುವ ದ್ವೀಪಕ್ಕೆ ಕರೆದುಕೊಂಡು ಹೋಗ್ತೀವಿ ಅಂತ ಯಾರು ಬಂದರೂ ಒಂದು ಪೆಸೊ ಕೂಡ ಕೊಡಬೇಡಿ. ಆ ದ್ವೀಪದಲ್ಲಿ ಪ್ರವಾಸಿಗರು ಕಾಲಿಡುವ ಹಾಗೇ ಇಲ್ಲ.

ನಾವು ಗೆಳೆಯರೆಲ್ಲ ಸೇರಿ ಒಂದು ವ್ಯಾನ್ ಮಾಡಿಕೊಂಡು ಹೋಗಿದ್ದೆವು. ಬೆಳಿಗ್ಗೆ ಇಂಟ್ರಾಮುರೋಸ್, ಮಧ್ಯಾಹ್ನ ಟಗಾಯ್ಟಾಯ್. ಇಂಟ್ರಾಮುರೋಸ್ ಅಂದರೆ ಸ್ಪೇನಿನವರು ಕಟ್ಟಿದ ಕೋಟೆಯೊಳಗಿನ ಹಳೆ ಮನಿಲಾ. ಅಲ್ಲಿನ ಫೋರ್ಟ್ ಸ್ಯಾಂಟಿಯಾಗೊದಲ್ಲಿ ಸ್ಪೇನಿನ ಆಳ್ವಿಕೆಯನ್ನು ಟೀಕಿಸಿ ಬರೆದ ಫಿಲಿಪೀನ್ಸಿನ ರಾಷ್ಟ್ರನಾಯಕ ಹೋಸೆ ರಿಸಾಲ್ ಅವರನ್ನು ಸೆರೆಯಲ್ಲಿಟ್ಟಿದ್ದರು. 1896ರ ಡಿಸೆಂಬರ್ 30ರಂದು ಅವರನ್ನು ಗುಂಡಿಕ್ಕಿ ಕೊಲ್ಲಲು ನಡೆಸಿಕೊಂಡು ಹೋದ ದಾರಿಯಲ್ಲಿ ಲೋಹದ ಹೆಜ್ಜೆಗುರುತುಗಳನ್ನು ನೆಲಕ್ಕೆ ಕೂರಿಸಿದ್ದಾರೆ. ಚಿಕ್ಕ ಚಿಕ್ಕ ಹೆಜ್ಜೆ, ಒಂದರ ಹಿಂದೆ ಒಂದು. ಆಗ ಅವರಿಗೆ ಬರೀ 35 ವರ್ಷ. ಅಲ್ಲಿಂದ ಹೊರಡಲು ಯಾರಿಗೂ ಮನಸ್ಸಿರಲಿಲ್ಲ.

ಹೊರಗೆ ಕಲೇಸಾ ಅನ್ನುವ ಕುದುರೆಗಾಡಿ ಹತ್ತಿದೆವು. ಹತ್ತುವಾಗ ಹೇಳಿದ್ದು ಗಾಡಿಗೆ ಇಷ್ಟು ಅಂತ, ಇಳಿಯುವಾಗ ಕೇಳಿದ್ದು ತಲೆಗೆ ಇಷ್ಟು, ಅರ್ಧ ಗಂಟೆಗೆ ಇಷ್ಟು ಅಂತ. ಒಟ್ಟು ಎಷ್ಟಾಗುತ್ತೆ ಅನ್ನೋದನ್ನು ಮೊದಲೇ ಮೊಬೈಲ್‌ನಲ್ಲಿ ಬರೆದು ತೋರಿಸಿ, ಹೂಂ ಅಂದಮೇಲೆ ಹತ್ತಿ.

ನಿಜವಾದ ಮೋಸ ಆಗಿದ್ದು ಟಗಾಯ್ಟಾಯ್‌ನಲ್ಲಿ. ಈ ಊರು ಬೆಟ್ಟದ ಏಣಿನ ಮೇಲಿದೆ. ಕೆಳಗೆ ದೊಡ್ಡ ಕೆರೆ, ಕೆರೆಯ ನಡುವೆ ದ್ವೀಪ, ಆ ದ್ವೀಪವೇ ಜ್ವಾಲಾಮುಖಿ. ರಸ್ತೆ ಬದಿಯಲ್ಲಿ ಒಬ್ಬ ಕೈ ಅಡ್ಡ ಹಾಕಿದ. ಮೈಮೇಲೆ ಜಾಕೆಟ್, ಕೊರಳಲ್ಲಿ ಗುರುತಿನ ಚೀಟಿ. ಪ್ರವಾಸೋದ್ಯಮ ಕಚೇರಿಯವನು ಅಂದ. ನಿಷೇಧ ಹೋದ ವಾರವೇ ತೆಗೆದರು, ದೋಣಿ ಹೋಗ್ತಿದೆ ಅಂದ. ಅರ್ಧ ದುಡ್ಡು ಮುಂಗಡ ಇಸಕೊಂಡು ರಸೀದಿ ಕೊಟ್ಟ. ಅದರ ಮೇಲೆ ನಂಬರ್ ಇತ್ತು, ಕಚೇರಿಯ ಹೆಸರಿರಲಿಲ್ಲ.

ಕಡಿದಾದ ರಸ್ತೆಯಲ್ಲಿ ಕೆರೆ ದಡದ ಊರಾದ ತಲಿಸಾಯ್‌ವರೆಗೆ ಇಳಿದೆವು. ದಡದಲ್ಲಿದ್ದವನು ಬೇರೆಯೇ ಮಾತಾಡಿದ. ದ್ವೀಪಕ್ಕೆ ಇಳಿಸುವಂತಿಲ್ಲ, ಆದರೆ ಜಾಸ್ತಿ ಕೊಟ್ಟರೆ ಯಾರೂ ಇಲ್ಲದ ಕಡೆ ಮೆಲ್ಲಗೆ ಬಿಡ್ತೀನಿ ಅಂದ. ನಾವು ಒಪ್ಪಲಿಲ್ಲ. ಮುಂಗಡ ವಾಪಸ್ ಬರಲಿಲ್ಲ. ಮೇಲೆ ಬರುವಷ್ಟರಲ್ಲಿ ಮಂಜು ಕವಿದು ಏನೂ ಕಾಣಿಸಲಿಲ್ಲ.

ದುಡ್ಡು ಹೋಗಿದ್ದು ಸಣ್ಣ ವಿಷಯ. ಆ ಕೊನೆಯ ಮಾತಿಗೆ ಯಾರಾದರೂ ಹೂಂ ಅಂದುಬಿಟ್ಟರೆ ಅನ್ನೋದೇ ನನ್ನ ಭಯ. ತಾಲ್ ಎತ್ತರ ಬರೀ 311 ಮೀಟರ್. ನೋಡಿದರೆ ಹೆದರಿಕೆಯೇ ಆಗಲ್ಲ. ಆದರೆ 1911ರಲ್ಲಿ ಸಿಡಿದಾಗ ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. 2020ರ ಜನವರಿ 12ರಂದು ಮಧ್ಯಾಹ್ನ ಶುರುವಾಗಿದ್ದು ಸಂಜೆಯೊಳಗೆ ಎಚ್ಚರಿಕೆಯ 4ನೇ ಮಟ್ಟಕ್ಕೆ ಏರಿತು. 5ನೇದೇ ಕೊನೆಯ ಮಟ್ಟ. ಬೂದಿ ಮನಿಲಾವರೆಗೂ ಬಂದು ವಿಮಾನಗಳು ನಿಂತವು. ನೆಲದಡಿಯ ನೀರು ಕಾದು ಒಮ್ಮೆಲೇ ಆವಿಯಾಗಿ ಸಿಡಿಯುವುದಕ್ಕೆ ಮುನ್ಸೂಚನೆಯೇ ಇರದಿರಬಹುದು. ಗಂಧಕದ ಅನಿಲ ಬೇರೆ ಬರುತ್ತಿರುತ್ತದೆ. ಅದಕ್ಕೇ ಅಲ್ಲಿನ ಜ್ವಾಲಾಮುಖಿ ಸಂಸ್ಥೆ ಫಿವೋಲ್ಕ್ಸ್ ಇಡೀ ದ್ವೀಪವನ್ನು ಕಾಯಂ ಅಪಾಯ ವಲಯ ಅಂತ ಗುರುತಿಸಿದೆ. ಎಚ್ಚರಿಕೆ ಬರೀ 1ನೇ ಮಟ್ಟದಲ್ಲಿದ್ದರೂ ಪ್ರವೇಶ ಇಲ್ಲ.

2020ಕ್ಕೆ ಮೊದಲು ಪ್ರವಾಸಿಗರನ್ನು ಕುದುರೆ ಮೇಲೆ ಜ್ವಾಲಾಮುಖಿಯ ಬಾಯಿಯವರೆಗೆ ಕರೆದೊಯ್ದು ಬದುಕುತ್ತಿದ್ದವರು ಅಲ್ಲಿದ್ದರು. ಅವರ ಕಷ್ಟ ನಿಜವಾದದ್ದು. ಆದರೆ ರಸ್ತೆಯಲ್ಲಿ ನಿಂತು ಸುಳ್ಳು ಹೇಳುವವರಿಗೆ ನೀವು ಕೊಡುವ ದುಡ್ಡು ಅವರನ್ನು ತಲುಪುತ್ತೆ ಅನ್ನಿಸಲ್ಲ.

ಹೊರಡುವ ಮುಂಚೆ ಫಿವೋಲ್ಕ್ಸ್ ಪ್ರಕಟಣೆ ನೋಡಿ, ಇಂಗ್ಲಿಷಿನಲ್ಲೂ ಸಿಗುತ್ತೆ. ಟಗಾಯ್ಟಾಯ್‌ಗೆ ಬೆಳಿಗ್ಗೆಯೇ ಹೋಗಿ, ಇಂಟ್ರಾಮುರೋಸ್ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಮೋಡ ಇಲ್ಲದಿದ್ದರೆ ಕೆರೆ, ದ್ವೀಪ ಎಲ್ಲ ಮೇಲಿಂದಲೇ ಚೆನ್ನಾಗಿ ಕಾಣುತ್ತೆ. ಗಾಡಿ ನಿಲ್ಲಿಸಲು ಯಾರೇ ಕೈ ಅಡ್ಡ ಹಾಕಿದರೂ ನಿಲ್ಲಿಸಬೇಡಿ ಅಂತ ಡ್ರೈವರ್‌ಗೆ ಮೊದಲೇ ಹೇಳಿ. ನಿಮಗೂ ಹೀಗಾದರೆ ರಸೀದಿ, ಗಾಡಿ ನಂಬರ್ ಫೋಟೊ ತೆಗೆದುಕೊಂಡು ಪೊಲೀಸರಿಗೆ ದೂರು ಕೊಡಿ. ಅಲ್ಲಿ ತುರ್ತು ನಂಬರ್ 911.